ಒಂದೇ ಸ್ವಿಚ್, ಎರಡು ಮನೆ

2020ರ ಆಗಸ್ಟ್ ತಿಂಗಳ ಒಂದು ರಾತ್ರಿ. ಊಟ ಮುಗಿಸಿ ಅಪ್ಪ ಮೊಬೈಲ್ ಹಿಡಿದು ಕೂತಿದ್ದರು. ಯೂಟ್ಯೂಬಿನಲ್ಲಿ ಯಾರೋ ವಕೀಲರು ಅಣ್ಣತಮ್ಮಂದಿರ ಆಸ್ತಿ ಪಾಲಿನ ಬಗ್ಗೆ ಮಾತಾಡುತ್ತಿದ್ದರು. ತಮ್ಮ ಎಲ್ಲೆಲ್ಲಿ ಮೋಸ ಮಾಡಬಹುದು, ಅಣ್ಣ ಯಾವ ಯಾವ ಕಾಗದ ಜೋಪಾನ ಮಾಡಿಟ್ಟುಕೊಳ್ಳಬೇಕು ಅಂತೆಲ್ಲ. ಸಣ್ಣ ಸ್ಕ್ರೀನ್ ಕಣ್ಣಿಗೆ ತ್ರಾಸು ಅಂತ ಅಪ್ಪ, ಹಿಂದಿನ ದಿನ ನಾನೇ ಹೇಳಿಕೊಟ್ಟಿದ್ದ ಹಾಗೆ, ಮೇಲಿನ ಟಿವಿ ಗುರುತು ಒತ್ತಿದರು. ನಮ್ಮ ಟಿವಿ ಸುಮ್ಮನೆ ಕೂತಿತ್ತು. ಗೋಡೆಯಾಚೆ ಚಿಕ್ಕಪ್ಪನ ಮನೆಯಲ್ಲಿ ನಡೆಯುತ್ತಿದ್ದ ಧಾರಾವಾಹಿ ಫಕ್ಕನೆ ನಿಂತು, ವಕೀಲರ ದನಿ ಜೋರಾಗಿ ಕೇಳಿತು: ತಮ್ಮನನ್ನು ಕಣ್ಣುಮುಚ್ಚಿ ನಂಬಬೇಡಿ ಅಂತ.

ನಮ್ಮ ಎರಡೂ ಮನೆಗಳ ಟಿವಿ ಒಂದೇ ಕಂಪನಿಯದು. ಎರಡೂ ಒಂದೇ ನೆಟ್‌ವರ್ಕಿನಲ್ಲಿದ್ದವು. ಅಪ್ಪನ ಮೊಬೈಲಿಗೆ ಎರಡು ಟಿವಿ ಕಂಡಿವೆ, ಅಪ್ಪ ಮೊದಲಿನದನ್ನು ಒತ್ತಿದ್ದಾರೆ. ಅಷ್ಟೇ ಆಗಿದ್ದು. ಆದರೆ ಅದನ್ನು ಚಿಕ್ಕಪ್ಪನಿಗೆ ಹೇಳೋರು ಯಾರು? ಮೂರು ವರ್ಷದಿಂದ ಈ ಕಡೆಯವರು ಆ ಕಡೆಯವರ ಜೊತೆ ಮಾತೇ ಬಿಟ್ಟಿದ್ದರು.

ತರೀಕೆರೆಯ ಬಿ.ಎಚ್. ರಸ್ತೆಯಿಂದ ಒಳಗೆ ಸ್ವಲ್ಪ ದೂರ ನಡೆದರೆ ಸಿಗುವ ಹೆಂಚಿನ ಮನೆ ನಮ್ಮದು. 2017ರಲ್ಲಿ ನಡುಮನೆಯ ಮಧ್ಯಕ್ಕೆ ಸಿಮೆಂಟ್ ಇಟ್ಟಿಗೆಯ ಗೋಡೆ ಬಂತು. ಮನೆ, ಅಡಿಕೆ ತೋಟ ಎಲ್ಲ ಬಾಯಿಮಾತಲ್ಲೇ ಎರಡು ಪಾಲಾಯಿತು. ಪಹಣಿಯಲ್ಲಿ ಮಾತ್ರ ಇವತ್ತಿಗೂ ಇಬ್ಬರ ಹೆಸರು ಜಂಟಿಯಾಗಿ ಬರುತ್ತಿತ್ತು. ಗೋಡೆ ಹೆಂಚಿನವರೆಗೆ ಮುಟ್ಟಿರಲಿಲ್ಲ, ಮೇಲೆ ಎರಡು ಅಡಿ ಖಾಲಿ ಬಿಟ್ಟಿದ್ದರು. ಹಾಗಾಗಿ ಮಾತು ಬಿಟ್ಟಿದ್ದರೂ ಒಬ್ಬರ ಕೆಮ್ಮು, ಒಬ್ಬರ ಕುಕ್ಕರ್ ಸೀಟಿ ಇನ್ನೊಬ್ಬರಿಗೆ ಕೇಳುತ್ತಿತ್ತು. ಹಿಂದುಗಡೆ ಅಜ್ಜಿಯ ಕೋಣೆಗೆ ಮಾತ್ರ ಎರಡೂ ಕಡೆ ಬಾಗಿಲು. ಅದನ್ನು ಮುಚ್ಚಿಸೋ ಧೈರ್ಯ ಯಾರಿಗೂ ಇರಲಿಲ್ಲ.

ಮಾರ್ಚ್ 2020ರ ಲಾಕ್‌ಡೌನ್‌ಗೆ ನಾನು ಬೆಂಗಳೂರಿನಿಂದ ಬ್ಯಾಗು ಕಟ್ಟಿಕೊಂಡು ಬಂದೆ. ನೆಟ್‌ವರ್ಕ್ ಎಂಜಿನಿಯರ್ ಕೆಲಸ, ಮನೆಯಿಂದಲೇ ಮಾಡಬೇಕು. ಆಚೆ ಮನೆಯ ತಮ್ಮನಿಗೆ ಸಿಇಟಿ ಕೋಚಿಂಗ್ ಆನ್‌ಲೈನ್ ಆಗಿತ್ತು. ಫೈಬರ್ ಹಾಕುವ ಹುಡುಗ ಬಂದಾಗ ಅಪ್ಪ ಒಂದು ಕನೆಕ್ಷನ್, ಚಿಕ್ಕಪ್ಪ ಒಂದು ಕನೆಕ್ಷನ್ ಅಂತ ಶುರು ಮಾಡಿದರು. ಅಜ್ಜಿ ಕೋಣೆಯೊಳಗಿಂದಲೇ ಹೇಳಿದರು: "ಒಂದು ಮನೆಗೆ ಎರಡೆರಡು ವೈರು ಎಂಥಕ್ಕೆ? ನನ್ನ ಕೋಣೇಲಿ ಹಾಕ್ಸಿ. ಇಬ್ರೂ ಎಳ್ಕೊಳ್ಳಿ." ಹಾಗೆ ಇಡೀ ಇಂಟರ್ನೆಟ್ಟು ಅಜ್ಜಿಯ ಮಂಚದ ಪಕ್ಕ ಬಂದು ಕೂತಿತು.

ವಕೀಲರ ಪ್ರಸಂಗದ ಮಾರನೇ ದಿನ ಚಿಕ್ಕಪ್ಪ ಅಜ್ಜಿಯ ಮೂಲಕ ಮಾತು ಕಳಿಸಿದರು: ಹೇಳೋದಿದ್ದರೆ ಎದುರಿಗೆ ಬಂದು ಹೇಳಲಿ, ಟಿವೀಲಿ ಹೇಳಿಸೋದು ಬೇಡ. ಅಪ್ಪ ನನಗೆ ಹೇಳಿದರು: "ನೋಡು ಪುಟ್ಟಿ, ಅವರದ್ದು ನಮಗೆ ಕಾಣಬಾರದು, ನಮ್ಮದು ಅವರಿಗೆ ಕಾಣಬಾರದು. ಆಗುತ್ತಾ ನಿನ್ನ ಕೈಲಿ?"

ಆಗುತ್ತೆ ಅಂದೆ. ಅದೇ ತಾನೇ ನನ್ನ ಹೊಟ್ಟೆಪಾಡು.

ನನ್ನ ಹತ್ತಿರ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡಿದ್ದ ಒಂದು ಹಳೇ ಸ್ವಿಚ್ ಇತ್ತು. ಪರೀಕ್ಷೆಗೆ ಓದುವಾಗ ಅಭ್ಯಾಸಕ್ಕೆಂದು ತಂದಿದ್ದು. ಕಂಪನಿಗಳು ಬಳಸಿ ಬಿಟ್ಟ ಮಾಲು. ಗಟ್ಟಿಮುಟ್ಟು, ಆದರೆ ಫ್ಯಾನಿನ ಸದ್ದು ವಿಪರೀತ. ಕೋಣೇಲಿ ಆನ್ ಮಾಡಿದಾಗ ಅಜ್ಜಿ, "ಇದೇನು ಮಾರಾಯ್ತಿ, ರೈಸ್‌ಮಿಲ್ ತಂದಿಟ್ಟಿದೀಯ?" ಅಂದರು. ನಾಲ್ಕು ದಿನ ಕಳೆದ ಮೇಲೆ ಅದು ನಿಂತರೆ ನಿದ್ದೆ ಬರಲ್ಲ ಅನ್ನುವಷ್ಟು ಒಗ್ಗಿಕೊಂಡರು.

ಮೊದಲು ಮಾಡಿದ್ದು ವಿಎಲ್ಎಎನ್, ಅಂದರೆ ವೀಲ್ಯಾನ್. ಒಂದು ಸ್ವಿಚ್ಚಿನ ಪೋರ್ಟುಗಳನ್ನು ಗುಂಪು ಮಾಡಿ, ಒಂದು ಗುಂಪಿನ ಕೂಗು ಇನ್ನೊಂದಕ್ಕೆ ಕೇಳದ ಹಾಗೆ ಮಾಡೋದು. ಅಪ್ಪನ ಕಡೆಗೆ 192.168.10 ಸಾಲು, ಚಿಕ್ಕಪ್ಪನ ಕಡೆಗೆ 192.168.20 ಸಾಲು. ಟಿವಿಗಳು ತಮ್ಮನ್ನು ತಾವು ಪರಿಚಯ ಮಾಡಿಕೊಳ್ಳುವುದು ಆ ಕೂಗಿನ ಮೂಲಕವೇ. ಹಾಗಾಗಿ ಆಚೆ ಮನೆಯ ಟಿವಿ ಅಪ್ಪನ ಮೊಬೈಲಿನಿಂದ ಮಾಯವಾಯಿತು. ಅಪ್ಪನಿಗೆ ಅಷ್ಟೇ ಸಾಕಿತ್ತು.

ನನಗೆ ಸಾಕಾಗಲಿಲ್ಲ. ಇಂಥ ಸ್ವಿಚ್ಚು ಬರೀ ಗುಂಪು ಮಾಡಿ ಸುಮ್ಮನಿರಲ್ಲ, ದಾರಿಯನ್ನೂ ತೋರಿಸುತ್ತೆ. ಎರಡೂ ಗುಂಪಿಗೆ ಬಾಗಿಲಿನಂತೆ ಒಂದೊಂದು ವಿಳಾಸ ಕೊಟ್ಟ ಕೂಡಲೇ ಅದು ತನ್ನ ದಾರಿಪಟ್ಟಿಯಲ್ಲಿ ಬರೆದುಕೊಳ್ಳುತ್ತೆ: ಇದೂ ನನಗೆ ನೇರ ಸಂಬಂಧಿ, ಅದೂ ನೇರ ಸಂಬಂಧಿ. ಆಮೇಲೆ ಅಪ್ಪನ ಕಂಪ್ಯೂಟರಿನಿಂದ ಚಿಕ್ಕಪ್ಪನ ಪ್ರಿಂಟರಿನ ವಿಳಾಸ ಕೇಳಿದರೆ, ಧಾರಾಳವಾಗಿ, ಬನ್ನಿ ಹೀಗೆ ಹೋಗಿ ಅಂತ ಕಳಿಸಿಕೊಡುತ್ತೆ. ಕೂಗು ಕೇಳಲ್ಲ, ಆದರೆ ವಿಳಾಸ ಗೊತ್ತಿದ್ದವನು ನಡೆದುಕೊಂಡು ಹೋಗಬಹುದು. ಗೋಡೆ ಕಟ್ಟಿ, ಮೇಲೆ ಎರಡು ಅಡಿ ಖಾಲಿ ಬಿಟ್ಟ ಹಾಗೆ.

ಇದಕ್ಕೆ ಇರೋದೇ ವಿಆರ್‌ಎಫ್. ಒಂದು ಸ್ವಿಚ್ಚಿನೊಳಗೆ ಒಂದಕ್ಕಿಂತ ಹೆಚ್ಚು ದಾರಿಪಟ್ಟಿ, ಅಂದರೆ ರೂಟಿಂಗ್ ಟೇಬಲ್. ಅಪ್ಪನ ಬಾಗಿಲಿನಿಂದ ಬಂದ ಪ್ಯಾಕೆಟ್ಟಿಗೆ ಸ್ವಿಚ್ಚು ಅಪ್ಪನ ಟೇಬಲ್ಲನ್ನಷ್ಟೇ ತೆಗೆದು ನೋಡುತ್ತೆ. ಅದರಲ್ಲಿ ಚಿಕ್ಕಪ್ಪನ ಮನೆ ಅನ್ನೋದೇ ಇಲ್ಲ. ತಡೆಯೋದಲ್ಲ, ಗೊತ್ತೇ ಇಲ್ಲದ ಹಾಗೆ ಮಾಡೋದು.

ಇದು ಮೂಲತಃ ದೊಡ್ಡವರ ಆಟ. ಇಂಟರ್ನೆಟ್ಟಿನ ಹಳೇ ವಿಳಾಸ ಪದ್ಧತಿಯಲ್ಲಿ ಇರೋದು ಸುಮಾರು 430 ಕೋಟಿ ವಿಳಾಸ. ಎಲ್ಲರಿಗೂ ಸಾಲಲ್ಲ ಅಂತ 1996ರಲ್ಲಿ ಮೂರು ಸಾಲುಗಳನ್ನು ಖಾಸಗಿ ಬಳಕೆಗೆ ಬಿಟ್ಟುಕೊಟ್ಟರು. ನಿಮ್ಮ ಮನೆಯ ವೈಫೈನಲ್ಲಿ ಕಾಣುವ 192.168 ಅದರಲ್ಲೊಂದು. ಯಾರ ಮನೆಯಲ್ಲಿ ಬೇಕಾದರೂ ಇರಬಹುದು, ಹೊರಗೆ ಮಾತ್ರ ಹೋಗುವಂತಿಲ್ಲ. ಸರಿ, ಹತ್ತು ಬ್ಯಾಂಕು, ಹತ್ತು ಕಾರ್ಖಾನೆ ಒಂದೇ ಟೆಲಿಕಾಂ ಕಂಪನಿಯ ಜಾಲದ ಮೇಲೆ ತಮ್ಮ ಶಾಖೆಗಳನ್ನು ಜೋಡಿಸಿಕೊಳ್ಳಲು ಬಂದಾಗ ಎಲ್ಲರದ್ದೂ ಅದೇ ವಿಳಾಸ! 1999ರಲ್ಲಿ ಎರಿಕ್ ರೋಸೆನ್ ಮತ್ತು ಯಾಕೊವ್ ರೆಖ್ಟರ್ ಅನ್ನುವ ಇಬ್ಬರು ಎಂಜಿನಿಯರುಗಳು ಬರೆದ ಒಂದು ದಾಖಲೆ ಇದಕ್ಕೆ ದಾರಿ ಹೇಳಿತು. ಪ್ರತಿ ಗಿರಾಕಿಗೂ ಬೇರೆ ಟೇಬಲ್. ಆ ಟೇಬಲ್ಲಿನ ವಿಳಾಸ ಕಂಪನಿಯ ಜಾಲದೊಳಗೆ ಓಡಾಡುವಾಗ ಅದರ ಮುಂದೆ 8 ಬೈಟಿನ ಒಂದು ಗುರುತು. ನಮ್ಮ ಕಡೆ ಹೆಸರಿನ ಹಿಂದೆ ಊರಿನ ಇನಿಷಿಯಲ್ ಹಾಕಿಕೊಳ್ಳೋದಿಲ್ಲವೇ, ಹಾಗೆ. ಕ್ಲಾಸಿನಲ್ಲಿ ಮೂರು ಜನ ಮಂಜುನಾಥ ಇದ್ದರೆ ತರೀಕೆರೆಯವನಿಗೆ ಟಿ, ಕಡೂರಿನವನಿಗೆ ಕೆ, ಅಜ್ಜಂಪುರದವನಿಗೆ ಎ.

ಅಜ್ಜಿಯ ಕೋಣೆಗೆ ಅಷ್ಟೆಲ್ಲ ಬೇಕಿರಲಿಲ್ಲ ಅನ್ನಿ. ಒಂದೇ ಸ್ವಿಚ್ಚಿನಲ್ಲಿ ಬರೀ ಟೇಬಲ್ ಬೇರೆ ಮಾಡೋದಕ್ಕೆ ವಿಆರ್‌ಎಫ್ ಲೈಟ್ ಅಂತಾರೆ. 'ದೊಡ್ಡಮನೆ' ಅಂತ ಒಂದು ಟೇಬಲ್, 'ಚಿಕ್ಕಮನೆ' ಅಂತ ಒಂದು ಟೇಬಲ್ ಮಾಡಿದೆ. ಬಾಗಿಲುಗಳನ್ನು ಆಯಾ ಟೇಬಲ್ಲಿಗೆ ಸೇರಿಸಿದೆ. ಎರಡರಿಂದಲೂ ಇಂಟರ್ನೆಟ್ ರೂಟರಿಗೆ ಒಂದೊಂದು ವೈರು. ಎಲ್ಲ ಮುಗಿಸಿ, ಟೇಬಲ್ ತೋರಿಸು ಅಂತ ಕಮಾಂಡ್ ಕೊಟ್ಟರೆ ಸ್ವಿಚ್ಚು ಖಾಲಿ ಪಟ್ಟಿ ತೋರಿಸಿತು. ಎದೆ ಧಸಕ್ಕೆಂದಿತು. ಆಚೆ ತಮ್ಮನ ಕ್ಲಾಸು ನಡೆಯುತ್ತಿದೆ, ಈಚೆ ಅಮ್ಮ ವಿಡಿಯೋ ಕಾಲಲ್ಲಿದ್ದಾರೆ, ಇಂಟರ್ನೆಟ್ಟು ಓಡುತ್ತಿದೆ, ಆದರೂ ಪಟ್ಟಿ ಖಾಲಿ.

ಐದು ನಿಮಿಷ ಬೇಕಾಯಿತು ಹೊಳೆಯಲು. ಯಾರ ಟೇಬಲ್ ಅಂತ ನಾನು ಹೇಳಿರಲಿಲ್ಲ. ಹೆಸರು ಹೇಳದೆ ಕೇಳಿದರೆ ಸ್ವಿಚ್ಚು ತನ್ನದೇ ಆದ ಮೂಲ ಟೇಬಲ್ ನೋಡಿ ಉತ್ತರ ಹೇಳುತ್ತೆ. ಅದರಲ್ಲಿ ಏನೂ ಉಳಿದಿರಲಿಲ್ಲ, ಎಲ್ಲ ಎರಡು ಮನೆಗೆ ಹಂಚಿಹೋಗಿತ್ತು. ಉತ್ತರ ಸುಳ್ಳಲ್ಲ, ಪ್ರಶ್ನೆಯೇ ಅರ್ಧ. ಆಗ ನಕ್ಕು ಸುಮ್ಮನಾದೆ. ಎರಡು ವರ್ಷ ಬಿಟ್ಟು ಇದೇ ವಿಷಯ ನನ್ನ ಕೆಲಸಕ್ಕೇ ಕುತ್ತು ತಂದಿತು. ಅದಕ್ಕೆ ಆಮೇಲೆ ಬರ್ತೀನಿ.

ಅದೇ ಸಂಜೆ, ಸುಮ್ಮನೆ ಅನುಮಾನಕ್ಕೆ, ಅಪ್ಪನ ಲ್ಯಾಪ್‌ಟಾಪಿನಿಂದ ಚಿಕ್ಕಪ್ಪನ ಪ್ರಿಂಟರಿಗೆ ಪಿಂಗ್ ಕೊಟ್ಟೆ. ಪಿಂಗ್ ಅಂದರೆ, ಇದೀಯಾ ಅಂತ ಕರೆದು ನೋಡೋದು. ಇದೀನಿ ಅಂತ ಉತ್ತರ ಬಂತು!

ಇದು ಹೇಗೆ? ಎರಡು ಟೇಬಲ್ಲುಗಳಿಗೂ ಪರಸ್ಪರ ಗೊತ್ತೇ ಇಲ್ಲವಲ್ಲ? ಆಮೇಲೆ ಪ್ಯಾಕೆಟ್ ಹೋದ ದಾರಿ ಹಿಡಿದು ನೋಡಿದೆ. ದೊಡ್ಡಮನೆ ಟೇಬಲ್ಲಿಗೆ 192.168.20 ಗೊತ್ತಿಲ್ಲ, ನಿಜ. ಗೊತ್ತಿಲ್ಲದ್ದನ್ನೆಲ್ಲ ಅದು ಇಂಟರ್ನೆಟ್ ರೂಟರಿಗೆ ಕಳಿಸುತ್ತೆ. ಆ ರೂಟರಿಗೆ ಎರಡೂ ಮನೆ ಗೊತ್ತು. ಗೊತ್ತಿರದೆ ವಿಧಿಯಿಲ್ಲ, ಇಂಟರ್ನೆಟ್ಟಿನಿಂದ ಬಂದ ಉತ್ತರವನ್ನು ಯಾರ ಮನೆಗೆ ಕಳಿಸಬೇಕು ಅಂತ ಅದಕ್ಕೆ ತಿಳಿಯಬೇಕಲ್ಲ. ಅದು, ಓ ಚಿಕ್ಕಪ್ಪನ ಮನೆಯಾ, ಅಂತ ತಿರುಗಿಸಿ ಇನ್ನೊಂದು ವೈರಿನಲ್ಲಿ ಕಳಿಸಿಬಿಟ್ಟಿದೆ. ಮನೆಯಲ್ಲಿ ಮಾತು ಬಿಟ್ಟವರು ಸಂತೆಯಲ್ಲಿ ಎದುರಾದ ಹಾಗೆ. ಎಷ್ಟೋ ದೊಡ್ಡ ಕಂಪನಿಗಳಲ್ಲೂ ಇದೇ ಎಡವಟ್ಟು. ಸ್ವಿಚ್ಚಿನಲ್ಲಿ ಬೇರೆ ಮಾಡಿದ್ದೇವೆ ಅಂತ ನಿಶ್ಚಿಂತೆಯಿಂದ ಇರ್ತಾರೆ, ಮೇಲೆ ಒಂದೇ ರೂಟರಿನಲ್ಲಿ ಎಲ್ಲ ಕೂಡಿರುತ್ತೆ. ದಾರಿ ಬೇರೆ ಮಾಡೋದು ಬೇರೆ, ಕಾವಲು ಹಾಕೋದು ಬೇರೆ. ವಿಆರ್‌ಎಫ್ ಕಾವಲುಗಾರನಲ್ಲ.

ಕಾವಲು ಹಾಕಿದೆ. ಎರಡೂ ಬಾಗಿಲಲ್ಲಿ ಆಕ್ಸೆಸ್ ಲಿಸ್ಟ್: ಈ ಸಾಲಿನಿಂದ ಆ ಸಾಲಿಗೆ ಹೋಗುವಂತಿಲ್ಲ, ಉಳಿದಿದ್ದಕ್ಕೆಲ್ಲ ಹೋಗಬಹುದು.

ಹಾಕುವ ಹೊತ್ತಿಗೆ ತಮ್ಮ ವಾಟ್ಸಾಪಿನಲ್ಲಿ ಕೇಳಿದ: "ಅಕ್ಕ, ಪ್ರಿಂಟರ್ ಒಂದು ಇರ್ಲಿ ಬಿಡೆ. ಅಜ್ಜಿ ಬ್ಯಾಂಕ್ ಪೇಪರ್ ಪ್ರಿಂಟ್ ತೆಗೆಯೋಕೆ ನೀನು ಪೆನ್‌ಡ್ರೈವ್ ಹಿಡ್ಕೊಂಡು ಬಸ್‌ಸ್ಟ್ಯಾಂಡ್ ಅಂಗಡಿಗೆ ಹೋಗ್ತೀಯ, ಇಲ್ಲಿ ನಮ್ಮ ಪ್ರಿಂಟರ್ ಸುಮ್ನೆ ಕೂತಿರತ್ತೆ." ಸರಿ ಅನ್ನಿಸಿತು. ಲಿಸ್ಟಿನ ಮೊದಲ ಸಾಲಾಗಿ ಒಂದು ಅನುಮತಿ ಬರೆದೆ: ಅಪ್ಪನ ಲ್ಯಾಪ್‌ಟಾಪಿನಿಂದ ಆ ಪ್ರಿಂಟರಿಗೆ, 9100ನೇ ಪೋರ್ಟಿಗೆ ಮಾತ್ರ. ಪಕ್ಕದಲ್ಲಿ ಟಿಪ್ಪಣಿ: ಅಜ್ಜಿ ಪ್ರಿಂಟರ್. ಅಪ್ಪನಿಗೆ ಹೇಳಲಿಲ್ಲ. ಚಿಕ್ಕಪ್ಪನಿಗೆ ತಮ್ಮ ಹೇಳಲಿಲ್ಲ. ಆಫೀಸಿನಲ್ಲಿ ಯಾರಾದರೂ ಎರಡು ಗಿರಾಕಿಗಳ ನಡುವೆ ಹೀಗೆ ಕೇಳದೆ ಕೇಳದೆ ಕಿಂಡಿ ಬಿಟ್ಟಿದ್ದರೆ ನಾನೇ ಅವರ ಮೇಲೆ ಮೇಲ್ ಬರೆಯುತ್ತಿದ್ದೆ. ಅದು ತಪ್ಪೇ. ಮನೆ ಅನ್ನೋ ಸಲಿಗೆ.

ಈಗ ಆಫೀಸಿನ ವಿಷಯ.

2022ರಲ್ಲಿ ನಾನು ತಿಂಗಳಿಗೆ ಹದಿನೈದು ದಿನ ಬೆಂಗಳೂರು, ಹದಿನೈದು ದಿನ ತರೀಕೆರೆ. ನಮ್ಮ ತಂಡ ಬೆಂಗಳೂರಿನ ಒಂದು ವಾಣಿಜ್ಯ ಕಟ್ಟಡದ ನೆಟ್‌ವರ್ಕ್ ನೋಡಿಕೊಳ್ಳುತ್ತಿತ್ತು. ಬೇಸ್‌ಮೆಂಟಿನಲ್ಲಿ ಒಂದೇ ದೊಡ್ಡ ಸ್ವಿಚ್, ಎಲ್ಲ ಮಹಡಿಗಳಿಗೂ ಅದೇ. ಮೊದಲಿನಿಂದ ಇದ್ದದ್ದು ಒಂದು ಲೆಕ್ಕಪತ್ರದ ಕಚೇರಿ. ಹೊಸದಾಗಿ ಒಂದು ಡಯಾಗ್ನಾಸ್ಟಿಕ್ ಲ್ಯಾಬ್ ಬಂತು. ಇಬ್ಬರದ್ದೂ 192.168.1 ಸಾಲು. ಇಬ್ಬರ ಸರ್ವರೂ 192.168.1.10. ಇಬ್ಬರೂ ಬದಲಾಯಿಸಲು ಒಪ್ಪಲಿಲ್ಲ.

ತರೀಕೆರೆಯವಳು ಅಂತ ಹೇಳಿಕೊಂಡ ಕೂಡಲೇ ಎದುರಿನವರು, ಹಾಗಾದ್ರೆ ಏರಿ ಮೇಲಿನ ಮೂರು ಕರಿ ಕುರಿಮರಿ ಕತೆ ಬೇಗ ಬೇಗ ಹೇಳಿ ನೋಡೋಣ ಅಂತಾರೆ. ನಮ್ಮೂರಿಗೆ ಅಂಟಿದ ಶಾಪ ಅದು, ಎಲ್ಲಿ ಹೋದರೂ ನಾಲಿಗೆ ಹೊರಳಿಸಿ ತೋರಿಸಬೇಕು. ನನಗೆ ಆ ಮರಿಗಳ ಬಗ್ಗೆ ಇರುವ ಪ್ರಶ್ನೆ ಬೇರೆ. ಮೂರೂ ಕರಿ, ಮೂರೂ ಒಂದೇ ಥರ. ಯಾವುದು ಯಾರದ್ದು ಅಂತ ಗೊತ್ತಾಗೋದು ಹೇಗೆ? ಕುರಿ ಕಾಯೋರು ಬೆನ್ನಿಗೆ ಬಣ್ಣ ಬಳಿದಿರುತ್ತಾರೆ. ನಾನು ಬಣ್ಣ ನೋಡದೆ ಮರಿ ಎಣಿಸಿದೆ.

ರಾತ್ರಿ ಹನ್ನೊಂದಕ್ಕೆ ಕೆಲಸ ಶುರು. ಅಜ್ಜಿಯ ಕೋಣೆಯಲ್ಲಿ ಕೂತು ಬೆಂಗಳೂರಿನ ಸ್ವಿಚ್ಚಿಗೆ ಲಾಗಿನ್ ಆದೆ. 'ಅಕೌಂಟ್ಸ್' ಅಂತ ಹೊಸ ಟೇಬಲ್ ಮಾಡಿ, ಲೆಕ್ಕಪತ್ರದವರ ಎರಡು ಬಾಗಿಲುಗಳನ್ನು ಅದಕ್ಕೆ ಸೇರಿಸಿದೆ: ಒಂದು ಸಿಬ್ಬಂದಿಯ ಮಹಡಿಯದು, ಒಂದು ಸರ್ವರಿನದು. ಇಲ್ಲೊಂದು ವಿಷಯ, ಈ ಕೆಲಸ ಮಾಡುವವರು ಒಮ್ಮೆಯಾದರೂ ಪೆಟ್ಟು ತಿಂದೇ ಇರುತ್ತಾರೆ. ಇಂಥ ಸ್ವಿಚ್ಚುಗಳಲ್ಲಿ ವಿಳಾಸ ಇರುವ ಬಾಗಿಲನ್ನು ಒಂದು ವಿಆರ್‌ಎಫ್‌ಗೆ ಸೇರಿಸಿದ ಕ್ಷಣ ಅದರ ವಿಳಾಸ ಅಳಿಸಿಹೋಗುತ್ತೆ. ಹೊಸ ಮನೆಗೆ ಹೋದವರು ಹಳೇ ವಿಳಾಸ ಬಿಟ್ಟೇ ಹೋಗಬೇಕು ಅನ್ನುವ ಹಾಗೆ. ಮತ್ತೆ ಕೈಯಾರೆ ಬರೆಯಬೇಕು. ಸಿಬ್ಬಂದಿಯ ಮಹಡಿಗೆ ಬರೆದೆ. ಸರ್ವರಿನ ಬಾಗಿಲಿಗೆ ಬರೆಯಲು ಮರೆತೆ.

ಆಮೇಲೆ ಲ್ಯಾಬಿನ ಬಾಗಿಲಿಗೆ 192.168.1.1 ಕೊಟ್ಟೆ. ಲ್ಯಾಬಿಗೆ ಬೇರೆ ಟೇಬಲ್ ಮಾಡುವುದು ಮಾರನೇ ರಾತ್ರಿಯ ಕೆಲಸ ಅಂತಿತ್ತು, ಸದ್ಯಕ್ಕೆ ಅದು ಮೂಲ ಟೇಬಲ್ಲಿನಲ್ಲೇ. ಸ್ವಿಚ್ಚು ತಕರಾರಿಲ್ಲದೆ ಒಪ್ಪಿತು. ಕೊನೆಗೆ ಲೆಕ್ಕಪತ್ರದವರ ಸರ್ವರ್ ಸಿಗುತ್ತಾ ನೋಡೋಣ ಅಂತ 192.168.1.10ಕ್ಕೆ ಪಿಂಗ್ ಕೊಟ್ಟೆ. ಐದಕ್ಕೆ ಐದೂ ಉತ್ತರ. ಕಾನ್ಫಿಗರೇಷನ್ ಸೇವ್ ಮಾಡಿ, ಮುಗಿಯಿತು ಅಂತ ಮೇಲ್ ಹಾಕಿ ಮಲಗಿದೆ.

ಉತ್ತರ ಕೊಟ್ಟಿದ್ದು ಲ್ಯಾಬಿನ ಸರ್ವರ್. ಯಾರ ಟೇಬಲ್ಲಿನಲ್ಲಿ ಅಂತ ನಾನು ಹೇಳಿರಲಿಲ್ಲ, ಸ್ವಿಚ್ಚು ಮೂಲ ಟೇಬಲ್ ನೋಡಿ ಪ್ರಾಮಾಣಿಕವಾಗಿ ಉತ್ತರ ತಂದುಕೊಟ್ಟಿತ್ತು. ಪಿಂಗ್ ಆದಮೇಲೆ 'ವಿಆರ್‌ಎಫ್ ಅಕೌಂಟ್ಸ್' ಅಂತ ಎರಡು ಪದ ಸೇರಿಸಿದ್ದರೆ ಆ ರಾತ್ರಿಯೇ ಗೊತ್ತಾಗುತ್ತಿತ್ತು.

ಬೆಳಗ್ಗೆ ಒಂಬತ್ತೂಮುಕ್ಕಾಲಿಗೆ ಫೋನು. ಅವತ್ತು 20ನೇ ತಾರೀಕು. ಜಿಎಸ್‌ಟಿ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ, ತಿಂಗಳ ರಿಟರ್ನ್ ಕಟ್ಟಲು ಕೊನೇ ದಿನ. ಲೆಕ್ಕಪತ್ರದವರ ಇಡೀ ಮಹಡಿಗೆ ಒಂದು ಫೈಲೂ ತೆರೆಯುತ್ತಿಲ್ಲ. ಆ ಕಚೇರಿಯ ಹಿರಿಯರು ಬೈಯಲಿಲ್ಲ, ಅದೇ ಕಷ್ಟ. "ನೋಡಮ್ಮಾ, ನಲವತ್ತು ಜನರ ಫೈಲಿಂಗ್ ಬಾಕಿ ಇದೆ. ಲೇಟಾದ್ರೆ ಬಡ್ಡಿ, ಲೇಟ್ ಫೀ ಅವರು ಕಟ್ಟಬೇಕು, ನಾವಲ್ಲ" ಅಂದರು.

ಕೈ ನಡುಗುತ್ತಿತ್ತು. ತಪ್ಪು ಕಂಡಿತು, ವಿಳಾಸ ಬರೆಯಲು ಹೊರಟೆ. ಗಡಿಬಿಡಿಯಲ್ಲಿ 111ರ ಬದಲು 11 ಅಂತ ಒತ್ತಿ, ವಿಆರ್‌ಎಫ್ ಕಮಾಂಡನ್ನೂ ಮತ್ತೊಮ್ಮೆ ಕೊಟ್ಟೆ. 11ನೆಯದು ನಾನೇ ಒಳಗೆ ಬಂದಿದ್ದ ಬಾಗಿಲು. ಅದರ ವಿಳಾಸ ಅಳಿಸಿಹೋಯಿತು. ಸ್ಕ್ರೀನ್ ಕಲ್ಲಾಯಿತು. ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದೆ, 230 ಕಿಲೋಮೀಟರ್ ದೂರದಲ್ಲಿ ಕೂತು.

ಒಂದೇ ಸಮಾಧಾನ, ಈ ಕೊನೆಯ ತಪ್ಪನ್ನು ಸೇವ್ ಮಾಡಿರಲಿಲ್ಲ. ಸ್ವಿಚ್ಚನ್ನು ಆರಿಸಿ ಹಾಕಿದರೆ ರಾತ್ರಿ ಸೇವ್ ಮಾಡಿದ ಸ್ಥಿತಿಗೆ ಬರುತ್ತೆ. ಆರಿಸೋರು ಯಾರು? ಕಟ್ಟಡದ ಸೆಕ್ಯುರಿಟಿಯವರ ನಂಬರ್ ಸಿಕ್ಕಿತು. ರಾಯಚೂರು ಕಡೆಯ ಮನುಷ್ಯ. ಮೊಬೈಲ್ ಟಾರ್ಚ್ ಹಾಕಿಕೊಂಡು ಬೇಸ್‌ಮೆಂಟಿಗೆ ಇಳಿದರು.

"ಇಲ್ಲಿ ಎರಡು ಡಬ್ಬಿ ಅದಾವ್ರಿ ಮೇಡಂ. ಯಾವುದು ಬಂದ್ ಮಾಡ್ಲಿ?"

"ನೀಲಿ ವೈರು ಜಾಸ್ತಿ ಇದೆಯಲ್ಲ ಅಣ್ಣ, ಅದು."

"ಎರಡರಾಗೂ ನೀಲಿನೇ ಅದಾವ್ರೀ."

ಕೊನೆಗೆ ವಿಡಿಯೋ ಕಾಲ್ ಮಾಡಿ, ಗುರುತು ಹಿಡಿದು, ಪ್ಲಗ್ ಕಿತ್ತು, ಹತ್ತು ಎಣಿಸಿ, ಮತ್ತೆ ಹಾಕಿದರು. ಆ ಸ್ವಿಚ್ಚು ಎದ್ದು ಕೂರಲು ಐದು ನಿಮಿಷ ತಗೊಂಡಿತು. ಆ ಐದು ನಿಮಿಷ ಲ್ಯಾಬಿನವರ ನೆಟ್‌ವರ್ಕೂ ಇಲ್ಲ. ಕೈಗೆ ಹತ್ತಿ ಒತ್ತಿಕೊಂಡು ರಕ್ತ ಕೊಟ್ಟು ಕೂತವರು, ಸಕ್ಕರೆ ರಿಪೋರ್ಟಿಗೆ ಕಾಯುತ್ತಿದ್ದವರು, ಇವರಿಗೂ ನನ್ನ ತಪ್ಪಿಗೂ ಏನೂ ಸಂಬಂಧವಿಲ್ಲ. ಲ್ಯಾಬು ಬೇರೆ, ಲೆಕ್ಕಪತ್ರ ಬೇರೆ ಅಂತ ರಾತ್ರಿಯಿಡೀ ಬೇರ್ಪಡಿಸುತ್ತಾ ಕೂತಿದ್ದೆ. ಟೇಬಲ್ ಎಷ್ಟು ಮಾಡಿದರೂ ಪ್ಲಗ್ಗು ಒಂದೇ ಅನ್ನೋದು ತಲೆಗೆ ಬಂದಿರಲಿಲ್ಲ.

ಹತ್ತೂಮುಕ್ಕಾಲಿಗೆ ಎಲ್ಲ ಸರಿಹೋಯಿತು. ರಿಟರ್ನ್‌ಗಳು ಸಂಜೆಯೊಳಗೆ ಹೋದವಂತೆ. ನನಗೆ ಆಫೀಸಿನಲ್ಲಿ ಎರಡು ಪುಟದ ವಿವರಣೆ ಬರೆಸಿಕೊಂಡರು, ಮುಂದಿನ ಮೂರು ತಿಂಗಳು ಯಾರಾದರೂ ಪಕ್ಕದಲ್ಲಿ ಇದ್ದರೆ ಮಾತ್ರ ಇಂಥ ಕೆಲಸ ಅಂತ ಹೇಳಿದರು. ಅವತ್ತಿನಿಂದ ನನ್ನದು ಎರಡು ವ್ರತ. ದೂರದ ಸ್ವಿಚ್ಚಿಗೆ ಕೈ ಹಾಕುವ ಮುಂಚೆ, ಹತ್ತು ನಿಮಿಷ ಬಿಟ್ಟು ನೀನಾಗೇ ರೀಸ್ಟಾರ್ಟ್ ಆಗು ಅಂತ ಅದಕ್ಕೆ ಮೊದಲೇ ಹೇಳಿಟ್ಟಿರುತ್ತೇನೆ, ಕೆಲಸ ಸರಿಯಾದರೆ ರದ್ದು ಮಾಡುತ್ತೇನೆ. ಎರಡನೆಯದು, ಮೂಲ ಟೇಬಲ್ಲಿನಲ್ಲಿ ಯಾವ ಗಿರಾಕಿಯನ್ನೂ ಇಡುವುದಿಲ್ಲ. ಆಗ ಹೆಸರು ಹೇಳದೆ ಕೇಳಿದ ಪ್ರಶ್ನೆಗೆ ಸುಳ್ಳು ಧೈರ್ಯ ಕೊಡುವ ಉತ್ತರ ಬರಲಿಕ್ಕೆ ಜಾಗವೇ ಇರಲ್ಲ.

ಸಂಜೆ ಅಮ್ಮನ ಹತ್ತಿರ ಇದೆಲ್ಲ ಹೇಳಿಕೊಂಡು ಅತ್ತೆ. ಅಮ್ಮನಿಗೆ ಟೇಬಲ್ಲು, ಪಿಂಗು ಅರ್ಥವಾಗಲಿಲ್ಲ. "ಹೋಗ್ಲಿ ಬಿಡು, ಯಾರನ್ನ ಕೇಳ್ಬೇಕೋ ಅವರನ್ನ ಬಿಟ್ಟು ಬೇರೆಯವರನ್ನ ಕೇಳಿದ್ದೀಯ" ಅಂದರು. ನಾನು ಎರಡು ಪುಟದಲ್ಲಿ ಬರೆದದ್ದು ಅಷ್ಟನ್ನೇ. ಗೋಡೆಯಾಚೆ ಚಿಕ್ಕಪ್ಪ ಕೆಮ್ಮಿದರು. ಬಾವಿಯ ಜಗಳ ಹೇಗೆ ಶುರುವಾಯಿತು ಅನ್ನೋದನ್ನು ನಾನು ಐದು ವರ್ಷದಲ್ಲಿ ಹತ್ತು ಸಲವಾದರೂ ಕೇಳಿದ್ದೆ. ಪ್ರತಿ ಸಲವೂ ಅಪ್ಪನನ್ನೇ.

ಬಾವಿ ವಿಷಯ ಇಷ್ಟು. ತೋಟದ ಬಾವಿ ಅಪ್ಪನ ಪಾಲಿನ ಕಡೆ ಬಿತ್ತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ನಮ್ಮದೇ ತಾಲ್ಲೂಕಿನಲ್ಲಿದೆ, 186 ಅಡಿ ತುಂಬಿದ ವರ್ಷ ಪೇಪರಿನಲ್ಲೆಲ್ಲ ಫೋಟೋ ಬರುತ್ತೆ. ಆದರೆ ನಮ್ಮ ತೋಟ ಕಾಲುವೆಯ ನೀರಿನದಲ್ಲ, ಬಾವಿಯದು. ಚಿಕ್ಕಪ್ಪನ ಪಾಲಿನ ಅಡಿಕೆಗೂ ಅದೇ ನೀರು. ಪಾಲಾದಾಗ ಇಬ್ಬರೂ ನೀರಿನ ಮಾತು ಎತ್ತಲಿಲ್ಲ, ಎತ್ತಿದರೆ ಸಣ್ಣತನ ಅಂತ. ಪೈಪ್‌ಲೈನ್ ಒಡೆದ ದಿನ ಆ ಮಾತು ತಾನಾಗಿ ಎದ್ದಿತು.

2023ರ ಫೆಬ್ರವರಿಯಲ್ಲಿ ಅಪ್ಪ, ಬಾಯಿಮಾತಿನ ಪಾಲು ಸಾಕು, ರಿಜಿಸ್ಟರ್ ಮಾಡಿಸೋಣ ಅಂತ ವಕೀಲರ ಹತ್ತಿರ ವಿಭಾಗ ಪತ್ರದ ಕರಡು ಬರೆಸಿದರು. ವಕೀಲರು ಮೇಲ್ ಮಾಡಿದರು. ನಾನು ಆ ವಾರ ಬೆಂಗಳೂರಿನಿಂದ ಆಗಷ್ಟೇ ಬಂದು ಬ್ಯಾಗು ಇಳಿಸುತ್ತಿದ್ದೆ. ಅಪ್ಪ ಕನ್ನಡಕ ಏರಿಸಿಕೊಂಡು, ತಾವೇ ಲ್ಯಾಪ್‌ಟಾಪಿನಲ್ಲಿ ತೆರೆದು, ತಾವೇ ಪ್ರಿಂಟ್ ಒತ್ತಿದರು. ಅಜ್ಜಿಯ ಕಾಗದಕ್ಕೆಂದು ಆ ಲ್ಯಾಪ್‌ಟಾಪಿಗೆ ನಾನು ಸೇರಿಸಿದ್ದ ಪ್ರಿಂಟರ್ ಒಂದೇ.

"ಪುಟ್ಟಿ, ಪ್ರಿಂಟ್ ಹೋಯ್ತು ಅಂತ ತೋರಿಸ್ತಿದೆ. ಎಲ್ಲಿಗೆ ಹೋಯ್ತು?"

ಗೋಡೆಯಾಚೆ ಪ್ರಿಂಟರ್ ಕಿರ್ ಕಿರ್ ಅನ್ನುವುದು ಹೆಂಚಿನ ಕೆಳಗಿನ ಎರಡಡಿ ಜಾಗದಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ಒಂದು ಪುಟ, ಎರಡು ಪುಟ. ನಾನು ಓಡಿಹೋಗಿ ಸ್ವಿಚ್ಚಿನ ವೈರು ಕೀಳಬಹುದಿತ್ತು. ಕಾಲು ಏಳಲಿಲ್ಲ. ಒಟ್ಟು ಹನ್ನೊಂದು ಪುಟ.

ಇಪ್ಪತ್ತು ನಿಮಿಷ ಆಚೆ ಮನೆಯಲ್ಲಿ ಸದ್ದಿಲ್ಲ. ಟಿವಿ ಕೂಡ ಆರಿಸಿದ್ದರು. ಆಮೇಲೆ ಅಜ್ಜಿಯ ಕೋಣೆಯ ಆ ಕಡೆಯ ಬಾಗಿಲು ತೆರೆದ ಸದ್ದು. ಚಿಕ್ಕಪ್ಪ ಕೈಯಲ್ಲಿ ಹಾಳೆಗಳನ್ನು ಹಿಡಿದು ಮಂಚದ ಪಕ್ಕ ಬಂದು ನಿಂತರು. ಅಪ್ಪ ಈ ಕಡೆಯ ಬಾಗಿಲಲ್ಲಿ. ನಡುವೆ ಅಜ್ಜಿ, ಅವರ ತಲೆಯ ಹತ್ತಿರ ಗುಂಯ್ ಅನ್ನುವ ಸ್ವಿಚ್ಚು.

"ಅಣ್ಣಾ, ಇದ್ರಲ್ಲಿ ಬಾವಿ ನೀರಿನ ವಿಷ್ಯ ಎಲ್ಲಿದೆ?"

ಐದೂವರೆ ವರ್ಷದ ಮೇಲೆ ಮೊದಲ ಮಾತು. ಅಪ್ಪ ಅದಕ್ಕೆ ಉತ್ತರ ಹೇಳಲಿಲ್ಲ. "ಇದು ನಿನ್ನ ಕೈಗೆ ಹೆಂಗೆ ಬಂತು?" ಅಂದರು. ಇಬ್ಬರೂ ನನ್ನ ಕಡೆ ತಿರುಗಿದರು. ಆಚೆ ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದ ತಮ್ಮ ಮೆಲ್ಲಗೆ ಹಿಂದೆ ಸರಿದ. ಕಳ್ಳ.

ಎಲ್ಲ ಹೇಳಿದೆ. ಕಿಂಡಿ ಬಿಟ್ಟಿದ್ದು ನಾನು, ಯಾರನ್ನೂ ಕೇಳಲಿಲ್ಲ, ತಪ್ಪಾಯಿತು ಅಂದೆ. ಅಪ್ಪನಿಗೆ ಸಿಟ್ಟು ಬಂದಿದ್ದು ನಿಜ, ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆದರೆ ಆ ಹೊತ್ತಿನಲ್ಲಿ ಇಬ್ಬರಿಗೂ ನನಗಿಂತ ಬಾವಿಯೇ ಮುಖ್ಯವಾಗಿತ್ತು. ನೀರಿನ ಸಾಲು ಬರೆಸದೆ ಬಿಟ್ಟಿದ್ದು ಮೋಸ ಅಂತ ಚಿಕ್ಕಪ್ಪ. ಮೋಸವಲ್ಲ, ವಕೀಲರಿಗೆ ಹೇಳೋದು ಮರೆತೆ ಅಂತ ಅಪ್ಪ. ಪೈಪು ಒಡೆದಿದ್ದು ಯಾರು ಅನ್ನೋದು ಮತ್ತೆ ಬಂತು, 2017ರ ಬೇಸಿಗೆ ಇಡೀ ಮತ್ತೆ ಬಂತು. ಒಂದೂವರೆ ಗಂಟೆ ಜಗಳವಾಡಿದರು, ಕೂಗಾಡಿದರು. ಚಿಕ್ಕಪ್ಪ ಹೇಳಿದ ಬಾವಿಯ ಕತೆಯನ್ನು ನಾನು ಕೇಳಿದ್ದು ಅದೇ ಮೊದಲು. ಅದರಲ್ಲಿ ನಾವು ಅಷ್ಟೊಂದು ಒಳ್ಳೆಯವರಾಗಿರಲಿಲ್ಲ.

ಅಜ್ಜಿ ನಡುವೆ ಒಂದೇ ಸಲ ಬಾಯಿ ಹಾಕಿದ್ದು: "ಕೂತ್ಕೊಂಡು ಜಗಳ ಆಡಿ. ನಿಂತ್ರೆ ನನಗೆ ಫ್ಯಾನ್ ಗಾಳಿ ಬರಲ್ಲ."

ಕರಡಿಗೆ ಒಂದು ಪ್ಯಾರಾ ಸೇರಿತು. ವಾರದಲ್ಲಿ ಮೂರು ದಿನ ಚಿಕ್ಕಪ್ಪನ ಸರದಿ, ಮೋಟಾರಿನ ಕರೆಂಟ್ ಬಿಲ್ ಅರ್ಧರ್ಧ, ಪೈಪ್ ಹೋಗುವ ದಾರಿ ಎರಡೂ ಪಾಲಿಗೆ ಸೇರಿದ್ದು. ಏಪ್ರಿಲ್‌ನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಇಬ್ಬರೂ ಬೇರೆ ಬೇರೆ ಬೈಕಿನಲ್ಲಿ ಹೋಗಿ, ಸಹಿ ಹಾಕಿ, ಬೇರೆ ಬೇರೆ ಬೈಕಿನಲ್ಲೇ ಬಂದರು. ಗೋಡೆ ಹಾಗೇ ಇದೆ. ಹಬ್ಬಕ್ಕೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗೋದು ಇನ್ನೂ ಶುರುವಾಗಿಲ್ಲ. ಮೋಟಾರ್ ಆಫ್ ಮಾಡಿದ್ಯಾ ಅಂತ ಗೋಡೆ ಮೇಲಿಂದ ಕೇಳೋದು ಶುರುವಾಗಿದೆ.

ರಿಜಿಸ್ಟ್ರೇಷನ್ ಮುಗಿದ ರಾತ್ರಿ ನಾನು ಅಪ್ಪನ ಎದುರಿಗೇ ಲ್ಯಾಪ್‌ಟಾಪ್ ತೆರೆದು ಕೂತೆ. ಈ ಸಲ ಕೇಳಿಯೇ ಮಾಡೋಣ ಅಂತ. ಆಕ್ಸೆಸ್ ಲಿಸ್ಟಿನ ಮೊದಲ ಸಾಲು ತೋರಿಸಿ, ಇದೇ ನೋಡಿ ಆ ಕಿಂಡಿ, ತೆಗೆದು ಹಾಕಲಾ ಅಂದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು, 'ಅಜ್ಜಿ ಪ್ರಿಂಟರ್' ಅನ್ನುವ ಟಿಪ್ಪಣಿಯನ್ನು ಎರಡು ಸಲ ಓದಿದರು.

"ಅವನನ್ನೂ ಒಂದು ಮಾತು ಕೇಳು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಪ್ರಿಂಟರ್ ಬೇಕಾದ್ರೆ ಇರ್ಲಿ. ಟಿವಿ ಮಾತ್ರ ಬೇಡ."